ಬೊಂಬೆ ಮಲ್ಲಪ್ಪನ ಗೋಡೆ

ಎದುರು ಮನೆಯವರು ಗೃಹಪ್ರವೇಶಕ್ಕೆ ಬಣ್ಣ ಹೊಡೆಸುತ್ತಿದ್ದಾರೆ. ಚಾಮರಾಜನಗರದ ನಮ್ಮ ಬೀದಿಯ ತುಂಬ ಎರಡು ದಿನದಿಂದ ಅದೇ ವಾಸನೆ. ಹೊಸ ಬಣ್ಣದ ವಾಸನೆ ಬಂದರೆ ಹಬ್ಬ ಬಂದ ಹಾಗಾಗುತ್ತದೆ ಎಂದು ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಕಿಟಕಿಗಳನ್ನೆಲ್ಲ ದಡಾರನೆ ಮುಚ್ಚಿಕೊಂಡು ಬಂದು ಕುಳಿತೆ. "ಅವ್ರ ಮನೆಗೆ ಅವ್ರು ಬಣ್ಣ ಹೊಡುಸ್ಕತರೆ, ನಿಂಗೇನಮ್ಮಿ ಕಷ್ಟ?" ಅಂದರು ನನ್ನ ಗಂಡ. ನನಗೇನು ಕಷ್ಟ ಎಂದು ಅವರಿಗೆ ಗೊತ್ತು. ಗೊತ್ತಿದ್ದೂ ಕೇಳುತ್ತಾರೆ.

ಮೂರು ವರ್ಷದ ಹಿಂದಿನ ಮಾತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಹಂಗಳದ ಶಾಲೆಯ ಟೀಚರು ಹೆರಿಗೆ ರಜೆಯ ಮೇಲೆ ಹೋದಾಗ, ಹೇಗೂ ನಿಮ್ಮ ತವರೂರಲ್ಲವೇ ಎಂದು ಜೂನಿನಿಂದ ನಾಲ್ಕು ತಿಂಗಳಿಗೆ ನನ್ನನ್ನು ಅಲ್ಲಿಗೆ ಹಾಕಿದರು. ಸೋಮವಾರ ಬೆಳಿಗ್ಗೆ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಒಂದು ಬಸ್ಸು, ಅಲ್ಲಿಂದ ಹಂಗಳಕ್ಕೆ ಇನ್ನೊಂದು. ಶನಿವಾರ ಮಧ್ಯಾಹ್ನ ವಾಪಸ್ಸು. ನಡುವೆ ತವರುಮನೆಯಲ್ಲಿ ವಾಸ. ನನ್ನ ಅಪ್ಪ ಅಮ್ಮ ಹೋಗಿ ಬಹಳ ಕಾಲವಾಗಿತ್ತು. ಆ ಮನೆಯಲ್ಲಿ ಆಗ ಇದ್ದದ್ದು ಚಿಕ್ಕಪ್ಪನ ಹೆಂಡತಿ ಚಿಕ್ಕವ್ವ, ಅವಳ ಮಗ ಮಾದೇಶ, ಅವನ ಹೆಂಡತಿ, ಮತ್ತೆ ಮದುವೆಯಾಗದೆ ಉಳಿದ ನಮ್ಮ ದೊಡ್ಡಪ್ಪ.

ದೊಡ್ಡಪ್ಪನ ಹೆಸರು ಮಲ್ಲಪ್ಪ. ಚಿತ್ರಕ್ಕೆ ನಮ್ಮ ಕಡೆ ಬೊಂಬೆ ಅನ್ನುವುದರಿಂದ ಊರಿಗೆಲ್ಲ ಬೊಂಬೆ ಮಲ್ಲಪ್ಪ. ಅವರ ಹೆಸರು ನೀವು ಕೇಳಿರಲಾರಿರಿ, ಆದರೆ ಬೊಂಬೆ ನೋಡಿರುತ್ತೀರಿ. ನಿಮಗೆ ನಲವತ್ತು ದಾಟಿದ್ದರೆ, ವಾರಪತ್ರಿಕೆಯ ಕತೆ ಓದುವ ಅಭ್ಯಾಸವಿದ್ದ ಮನೆ ನಿಮ್ಮದಾಗಿದ್ದರೆ, ಖಂಡಿತ ನೋಡಿರುತ್ತೀರಿ. ಕತೆಯ ನೆತ್ತಿಯ ಮೇಲೆ ಸೆರಗು ಕಚ್ಚಿಕೊಂಡು ನಿಂತ ಹೆಂಗಸು, ಧಾರಾವಾಹಿಯ ನಡುವೆ ಟಾರ್ಚು ಹಿಡಿದ ಪತ್ತೇದಾರ. ಹೋಗಲಿ, ಏಳನೇ ಕ್ಲಾಸಿನ ವಿಜ್ಞಾನದ ಪುಸ್ತಕದಲ್ಲಿ ಹೊಟ್ಟೆ ಸೀಳಿಸಿಕೊಂಡು ಅಂಗಾತ ಮಲಗಿದ್ದ ಕಪ್ಪೆಯನ್ನಾದರೂ ನೋಡಿರಬೇಕಲ್ಲ? ಅದು ನಮ್ಮ ದೊಡ್ಡಪ್ಪನ ಕಪ್ಪೆ. ನಾನು ಅದನ್ನು ನೋಡಿ ಕಲಿತೆ, ಅದನ್ನೇ ಬೋರ್ಡಿನ ಮೇಲೆ ಬರೆದು ಕಲಿಸಿದೆ. ಪುಸ್ತಕದಲ್ಲಿ ಸಮಿತಿಯವರ ಹೆಸರಿತ್ತು, ಪರಿಶೀಲಿಸಿದವರ ಹೆಸರಿತ್ತು, ಅಚ್ಚು ಹಾಕಿದವರ ಹೆಸರೂ ಇತ್ತು. ಕಪ್ಪೆ ಬರೆದವನ ಹೆಸರು ಮಾತ್ರ ಇರಲಿಲ್ಲ.

ಅವರು ಕೆಲಸ ಮಾಡುತ್ತಿದ್ದ ರೀತಿಯನ್ನು ನಾನು ಲಂಗ ಹಾಕುವ ವಯಸ್ಸಿನಿಂದ ನೋಡಿದವಳು. ಬೆಂಗಳೂರಿನಿಂದ ಕತೆ ಅಂಚೆಯಲ್ಲಿ ಬರುತ್ತಿತ್ತು. ದೊಡ್ಡಪ್ಪ ಎರಡು ಸಲ ಓದುತ್ತಿದ್ದರು. ಓದಿದ ತಕ್ಷಣ ಪೆನ್ನು ಹಿಡಿಯುತ್ತಿರಲಿಲ್ಲ. ಜಗಲಿಯ ಮೇಲೆ ಕುಳಿತು ಬೀದಿ ನೋಡುತ್ತಿದ್ದರು. ಕತೆಯೊಳಗಿನವರಿಗೆ ಹೊಂದುವ ಮುಖವೊಂದು ಬೀದಿಯಲ್ಲಿ ಹಾದುಹೋಗುವ ತನಕ ಕಾಯುವುದು. ಸಿಕ್ಕಿದರೆ ಕರೆದು ಕೂರಿಸಿ, ಕಾಫಿ ಕೊಡಿಸಿ, ಮಳೆ ಬೆಳೆ ಮಾತಾಡಿಸುತ್ತ ಪೆನ್ಸಿಲ್ಲಿನಲ್ಲಿ ಗೀಚಿಕೊಳ್ಳುವುದು. ಆಮೇಲೆ ಕಪ್ಪು ಇಂಕು, ಸಣ್ಣ ನಿಬ್ಬು. ಮುಗಿದ ಚಿತ್ರವನ್ನು ಎರಡು ರಟ್ಟಿನ ನಡುವೆ ಕಟ್ಟಿ ಮೈಸೂರು ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟರೆ ಅದು ಹೇಗೋ ಬೆಂಗಳೂರು ಸೇರುತ್ತಿತ್ತು. ಹಾಗಾಗಿ ರಾಜ್ಯದ ಜನ ವರ್ಷಗಟ್ಟಲೆ ಪತ್ತೇದಾರ ಎಂದು ನೋಡಿದ್ದು ನಮ್ಮೂರ ಪೋಸ್ಟ್‌ಮ್ಯಾನನ್ನು. ದುಷ್ಟ ಜಮೀನ್ದಾರ ನಮ್ಮ ಅಜ್ಜ, ಅಂದರೆ ಅವರ ಸ್ವಂತ ಅಪ್ಪ. ಗುಂಡ್ಲುಪೇಟೆಯ ಸಂತೆಯಲ್ಲಿ ಯಾರೋ ಪತ್ರಿಕೆ ಬಿಡಿಸಿ ತೋರಿಸಿದ ಮೇಲೆ ಅಜ್ಜ ಮಗನ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ದರಂತೆ.

ಇನ್ನು ರಾಜಕುಮಾರಿ, ಕಾಲೇಜು ಹುಡುಗಿ, ಡಾಕ್ಟರ ಹೆಂಡತಿ, ಬಾವಿಯ ಬಳಿ ನಿಂತ ಮೋಹಿನಿ, ಎಲ್ಲವೂ ಸಿದ್ದಮ್ಮ.

ಸಿದ್ದಮ್ಮ ಕೆಳಗಿನ ಬೀದಿಯವಳು. ಮದುವೆಯಾಗಿ ಬಂದ ಹೊಸದರಿಂದ ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದವಳು. ಅಂಥ ಮುಖ ನಮ್ಮ ಕಡೆ ಕಡಿಮೆ. ಅಗಲ ಹಣೆ, ಒತ್ತಾದ ಹುಬ್ಬು, ಯಾರನ್ನಾದರೂ ನೋಡಿದರೆ ಅವರೇ ಕಣ್ಣು ತಗ್ಗಿಸಬೇಕು, ಹಾಗೆ ನೋಡುವಳು. ಮಿಕ್ಕವರನ್ನೆಲ್ಲ ದೊಡ್ಡಪ್ಪ ಜಗಲಿಯ ಮೇಲೆ ಕೂರಿಸಿ ಬರೆದರು. ಸಿದ್ದಮ್ಮನನ್ನು ಜಗಲಿಯ ಕೆಳಗಿನ ಒಗೆಯುವ ಕಲ್ಲಿನ ಮೇಲೆ ಕೂರಿಸಿ ಬರೆದರು. ನಲವತ್ತೈದು ವರ್ಷ ನಮ್ಮ ಹೊಲದಲ್ಲಿ ದುಡಿದವಳು ನಮ್ಮ ಮನೆಯ ಹೊಸಿಲು ದಾಟಿರಲಿಲ್ಲ. ಯಾಕೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮೂರಿನಲ್ಲೂ ಹೊಸಿಲುಗಳಿವೆ.

ಕಳಿಸಿದ ಚಿತ್ರ ಒಂದೂ ವಾಪಸ್ಸು ಬರಲಿಲ್ಲ. ಅಚ್ಚಿನ ಬ್ಲಾಕ್ ಮಾಡಿಸಿ ಮುದ್ರಿಸಿದ ಮೇಲೆ ಪತ್ರಿಕೆಯವರಿಗೆ ಅದು ಕಸ. ದೊಡ್ಡಪ್ಪ ನಾಲ್ಕೈದು ಸಲ ಬರೆದು ಕೇಳಿದರು. ಒಂದು ಸಲ ತಾವೇ ಹೋದರು. ಆಫೀಸಿನ ಹಿಂದೆ ಯಾರೋ ಅವರದೇ ಚಿತ್ರದ ರಟ್ಟಿನ ಮೇಲೆ ಬೋಂಡಾ ಇಟ್ಟುಕೊಂಡು ತಿನ್ನುತ್ತಿದ್ದುದನ್ನು ನೋಡಿಕೊಂಡು ಬಂದರು. ಬಂದು ಅದನ್ನು ನಗುನಗುತ್ತಾ ನಮಗೆಲ್ಲ ಹೇಳಿದರು. ನನಗೆ ಹತ್ತು ವರ್ಷ. ಅವರೇಕೆ ಆ ರಟ್ಟು ಕಿತ್ತುಕೊಂಡು ಬರಲಿಲ್ಲ, ಏಕೆ ಎರಡು ಬಾರಿಸಲಿಲ್ಲ ಎಂದು ಆಗಲೇ ಸಿಟ್ಟು ಬಂದಿತ್ತು. ಆ ಸಿಟ್ಟು ಈಗಲೂ ಇಳಿದಿಲ್ಲ.

ಆಮೇಲೆ ಕಂಪ್ಯೂಟರ್ ಬಂತು, ಕತೆಯ ಲಕೋಟೆ ಬರುವುದು ನಿಂತಿತು. ಇನ್ನು ನಿಮ್ಮ ಚಿತ್ರ ಬೇಡ ಎಂದು ಒಂದು ಕಾರ್ಡನ್ನೂ ಯಾರೂ ಬರೆಯಲಿಲ್ಲ. ಆರು ತಿಂಗಳು ದೊಡ್ಡಪ್ಪ ಪೋಸ್ಟ್‌ಮ್ಯಾನನ ದಾರಿ ಕಾದರು. ಆಮೇಲೊಂದು ದಿನ ಒಲೆಯಿಂದ ಇದ್ದಲು ತೆಗೆದುಕೊಂಡು ಹೋಗಿ ತಮ್ಮ ಕೋಣೆಯ ಗೋಡೆಗೆ ಕೈಹಚ್ಚಿದರು. ನಡುಮನೆಗೆ ಅಂಟಿದ ಕೋಣೆ ಅದು, ಮುಂಚೆ ರಾಗಿ ಮೂಟೆ ಇಡುತ್ತಿದ್ದದ್ದು. ಅಲ್ಲಿಂದ ಇಪ್ಪತ್ತು ವರ್ಷ ಆ ಒಂದು ಗೋಡೆಯನ್ನೇ ಅವರು ಬರೆದರು. ಅಳಿಸುವುದು, ಬರೆಯುವುದು, ಕೆಮ್ಮಣ್ಣು ತೀಡುವುದು, ಮತ್ತೆ ಅಳಿಸುವುದು. ಮದುವೆ ಮುಂಜಿಗೆಂದು ಹೋದಾಗ ನಾನು ಬಾಗಿಲಲ್ಲಿ ಇಣುಕಿ ಅಲ್ಲೊಂದು ಕೈ, ಇಲ್ಲೊಂದು ಕಾಲು ನೋಡಿದ್ದೆ ಅಷ್ಟೇ. ಪೂರ್ತಿ ನೋಡಿದ್ದು ಆ ಜೂನಿನಲ್ಲಿ.

ಗೋಡೆಯ ಉದ್ದಕ್ಕೂ ಒಂದು ಊಟದ ಪಂಕ್ತಿ. ಆಳೆತ್ತರದ ಜನ ಚಕ್ಕಂಬಕ್ಕಳ ಹಾಕಿಕೊಂಡು ಸಾಲಾಗಿ ಕುಳಿತಿದ್ದಾರೆ, ಎಲ್ಲರ ಮುಂದೂ ಎಲೆ. ದೊಡ್ಡಪ್ಪ ಜೀವಮಾನದಲ್ಲಿ ಬರೆದ ಮುಖಗಳೆಲ್ಲ ಅಲ್ಲಿದ್ದವು. ಪೋಸ್ಟ್‌ಮ್ಯಾನು, ಮೈಸೂರು ಬಸ್ಸಿನ ಕಂಡಕ್ಟರು, ಟೈಲರ್ ಸಾಬರು, ಮಠದ ಅಯ್ನೋರು, ಎಲ್ಲರೂ ಅವರವರ ನಡುವಯಸ್ಸಿನಲ್ಲಿ. ಸಾಲಿನ ನಟ್ಟನಡುವೆ ನಮ್ಮ ಅಜ್ಜ. ಅಜ್ಜನ ತೊಡೆಗೆ ತೊಡೆ ತಾಗಿಸಿಕೊಂಡು ಇಪ್ಪತ್ತೈದರ ಸಿದ್ದಮ್ಮ. ತುತ್ತು ಎತ್ತಿದವಳು ಅಜ್ಜನ ಕಡೆ ತಿರುಗಿ ಏನೋ ಅಂದು ನಗುತ್ತಿದ್ದಾಳೆ. ಅಜ್ಜ ಮೀಸೆಯೊಳಗೇ ನಗುತ್ತಾ ತಮ್ಮ ಎಲೆಯ ಹೋಳಿಗೆಯನ್ನು ಅವಳ ಎಲೆಗೆ ದೂಡುತ್ತಿದ್ದಾರೆ. ಯಾವ ಅಜ್ಜ? ಸಿದ್ದಮ್ಮ ನೀರು ಕೇಳಿದರೆ ಮೇಲಿನಿಂದ ಸುರಿಸುತ್ತಿದ್ದ ಅಜ್ಜ. ನನಗೆ ಅಳು ಬಂತು. "ಏನಮ್ಮಿ, ಕೆಟ್ಟೋಗದಾ?" ಎಂದು ಕೇಳಿದರು ದೊಡ್ಡಪ್ಪ, ಎಂಬತ್ತನಾಲ್ಕರ ಮುದುಕ, ಮೂಗಿನ ತುದಿಯಲ್ಲಿ ಕೆಮ್ಮಣ್ಣು.

ಚಿಕ್ಕವ್ವ ಆ ಬಾಗಿಲಿಗೆ ದಪ್ಪ ಪರದೆ ಹಾಕಿದ್ದಳು. ನೆಂಟರು ಬಂದರೆ ಬೀಗ. "ಬೊಂಬೆ ಬರ್ಯದು ಬರ್ಯಲಿ, ನಾನೇನ್ ಬ್ಯಾಡ ಅಂದಿದ್ನಾ? ಒಳಗ್ ಕೂರ್ಸಿ ಉಣ್ಣಾಕ್ ಇಕ್ಕವ್ರಲ್ಲ, ನಾಕ್ ಜನ ನೋಡುದ್ರೆ ಏನಂದಾರು?" ಅನ್ನುತ್ತಿದ್ದಳು. ಗೋಡೆಯ ಮೇಲಿನ ಸಿದ್ದಮ್ಮ ಉಂಡರೂ ಚಿಕ್ಕವ್ವನ ಮರ್ಯಾದೆ ಹೋಗುತ್ತಿತ್ತು.

ಆ ವರ್ಷ ಮಳೆ ಹೊತ್ತಿಗೆ ಸರಿಯಾಗಿ ಹಿಡಿಯಿತು. ಜುಲೈಗೆ ರಸ್ತೆಯ ಎರಡೂ ಬದಿ ಚೆಂಡುಹೂವು, ಕಣ್ಣು ಕುಕ್ಕುವಷ್ಟು. ಸೋನೆ ಹನಿಯುವಾಗಲೂ ಹೆಂಗಸರು ತಲೆಗೆ ಗೋಣಿಯ ಕೊಪ್ಪೆ ಹಾಕಿಕೊಂಡು ಹೂವು ಕೀಳುತ್ತಿದ್ದರು. ಆ ಘಾಟು ಬಟ್ಟೆಗೆ, ಕೂದಲಿಗೆ, ನನ್ನ ಬ್ಯಾಗಿನಲ್ಲಿದ್ದ ಮಕ್ಕಳ ನೋಟ್‌ಬುಕ್ಕಿಗೂ ಹತ್ತಿತ್ತು. ಕೇರಳದ ಕಾರುಗಳು ಸಾಲಾಗಿ ನಿಲ್ಲುತ್ತಿದ್ದವು. ಜನ ಇಳಿದು ಹೂವಿನ ನಡುವೆ ನುಗ್ಗಿ ಸೆಲ್ಫಿ ಹಿಡಿಯುವರು. ಸಿದ್ದಮ್ಮ ಅರವತ್ತು ದಾಟಿದವಳು, ಈಗಲೂ ನಮ್ಮ ಹೊಲದ ಹೆಂಗಸರಿಗೆಲ್ಲ ಅವಳೇ ಯಜಮಾನಿ. "ಓ ಚೇಚಿ, ಗಿಡ ತುಳಿಬ್ಯಾಡ, ಈಚೆ ವಾ" ಎಂದು ಅವರ ಮಲಯಾಳವನ್ನೇ ಬೆರೆಸಿ ಗದರಿಸುವಳು. ಅವರಿಗೆ ಅವಳ ಮುಖವೂ ಇಷ್ಟವಾಗಿ ಬುಟ್ಟಿ ಸಮೇತ ನಿಲ್ಲಿಸಿ ಫೋಟೋ ಹೊಡೆಯುವರು.

ಶಾಲೆಯಿಂದ ಬರುವ ದಾರಿಯಲ್ಲಿ ಒಂದು ಸಂಜೆ ನನ್ನನ್ನು ತಡೆದು ನಿಲ್ಲಿಸಿದಳು. "ಟೀಚರವ್ವ, ಕೇರಳದೋರ ಫೋನ್ಗಳಲ್ಲೆಲ್ಲ ನನ್ ಮೊಕ ಅದೆ. ನಿಮ್ಮನೆ ಗ್ವಾಡೆ ಮ್ಯಾಲಿರದ ನಾನೇ ನೋಡಿಲ್ಲ ಕನಿ. ನಿಮ್ ದೊಡ್ಡಪ್ಪಾರು ಬರ್ದಿವ್ನಿ ಬರ್ದಿವ್ನಿ ಅಂತ ಇಪ್ಪತ್ತೊರ್ಸದಿಂದ ಹೇಳ್ತಾವ್ರೆ. ಒಂದ್ಸಲ ತೋರ್ಸಿ."

"ಅದಕ್ಕೇನು ಸಿದ್ದಮ್ಮ, ನಿನ್ನನ್ನ ಪಂಕ್ತೀಲಿ ಕೂರಿಸಿ ಬರೆದಿದ್ದಾರೆ, ತೋರಿಸ್ತೀನಿ" ಅಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ!

ಅದೇ ವಾರ ಮೈಸೂರಿನಿಂದ ಫೋನು ಬಂತು. ಚಿತ್ರ, ಕಲೆ ಎಂದು ಓಡಾಡುವ ಒಂದು ಗುಂಪಿನವರು. ಹಳೆಯ ಪತ್ರಿಕೆ ತಿರುವಿಹಾಕುತ್ತಾ ದೊಡ್ಡಪ್ಪನನ್ನು ಕಂಡುಹಿಡಿದಿದ್ದರು, ಬದುಕಿದ್ದಾರೆ ಎಂದು ತಿಳಿದು ಆಶ್ಚರ್ಯಪಟ್ಟರು. ಮೂಲ ಚಿತ್ರಗಳಿದ್ದರೆ ಪ್ರದರ್ಶನ ಮಾಡುತ್ತೇವೆ ಅಂದರು. ಮೂಲ ಚಿತ್ರದ ಮೇಲೆ ಬೋಂಡಾ ತಿಂದಾಯಿತು, ಗೋಡೆ ಇದೆ ಬನ್ನಿ ಅಂದೆ. ಗೋಡೆಯ ಸುದ್ದಿ ಕೇಳಿ ಕುಣಿದಾಡಿದರು. ಲೈಟು, ಕ್ಯಾಮೆರಾ ಎಲ್ಲ ತರುತ್ತೇವೆ, ಪೂರ್ತಿ ಅಳತೆಯಲ್ಲಿ ಫೋಟೋ ತೆಗೆದು ಪ್ರದರ್ಶನಕ್ಕಿಡುತ್ತೇವೆ ಅಂದರು. ನಾನು ಓಡಿಹೋಗಿ ದೊಡ್ಡಪ್ಪನಿಗೆ ಹೇಳಿದೆ.

ಅವರು ಕುಣಿಯಲಿಲ್ಲ. "ಮೊದ್ಲು ಸಿದ್ದಿ ನೋಡ್ಲಿ ಕನಮ್ಮಿ. ಅವ್ಳು ನೋಡೋಗಂಟ ಯಾವೋನೂ ಫೋಟೊ ಹಿಡಿಯಂಗಿಲ್ಲ. ನೀನೂ ಹಿಡಿಯಂಗಿಲ್ಲ" ಅಂದರು.

"ಹಾಗಾದರೆ ನೀವೇ ಕರೆದು ತೋರಿಸಿ ದೊಡ್ಡಪ್ಪ."

"ಈ ವಯಸ್ನಲ್ಲಿ ನಿಮ್ ಚಿಕ್ಕವ್ವನ ಕೈಲಿ ಬೈಸ್ಕಳಕಾಗಲ್ಲ ನಂಗೆ. ಅವ್ಳು ಇಕ್ಕುದ್ರೆ ನಾನ್ ಉಣ್ಬೇಕು. ನೀನು ಓದ್ದೋಳು, ಸಂಬ್ಳ ತರೋಳು, ನೀ ಕರ್ಕಂಬಂದ್ರೆ ಏನೂ ಅನ್ನಾಕಿಲ್ಲ."

ಬರೆಯುವುದಕ್ಕೆ ಧೈರ್ಯ ಇತ್ತು, ಬಾಗಿಲಲ್ಲಿ ನಿಂತು ಬಾ ಅನ್ನುವುದಕ್ಕೆ ಇರಲಿಲ್ಲ. ಇದನ್ನು ಅವತ್ತೇ ಅವರ ಮುಖಕ್ಕೆ ಹೇಳಿದೆ. ಅವರು ತಲೆ ತಗ್ಗಿಸಿ ಇದ್ದಲು ಚೂಪು ಮಾಡುತ್ತಾ ಕುಳಿತರು. ನಾನು ಬಲು ದೊಡ್ಡವಳ ಹಾಗೆ ಎದ್ದು ಬಂದೆ.

ದೊಡ್ಡವಳು ಏನು ಮಾಡಿದೆ ಕೇಳಿ. ಒಂದು ಭಾನುವಾರ ಚಾಮರಾಜನಗರಕ್ಕೆ ಹೋಗದೆ ಉಳಿದುಕೊಂಡೆ. ಚಿಕ್ಕವ್ವ ಸೊಸೆ ಮಗನ ಸಮೇತ ತೆರಕಣಾಂಬಿಗೆ ನಾಮಕರಣಕ್ಕೆ ಹೋಗುವುದಿತ್ತು. ಅವರ ಬಸ್ಸು ಹೊರಟಿದ್ದೇ ಸಿದ್ದಮ್ಮನಿಗೆ ಹೇಳಿಕಳಿಸಿದೆ. ಅವಳು ಬಂದಳು. ಹೊಲದ ಸೀರೆಯಲ್ಲಲ್ಲ. ನೀಲಿ ರೇಷ್ಮೆ ಥರದ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿ, ಹಣೆಗೆ ಕಾಸಗಲ ಕುಂಕುಮ ಇಟ್ಟುಕೊಂಡು ಬಂದಿದ್ದಳು. ಅಷ್ಟು ಹೊತ್ತಿಗೆ ಎದುರು ಜಗಲಿಯಲ್ಲಿ ಇಬ್ಬರು ಮುದುಕಿಯರು ಬೆಳ್ಳುಳ್ಳಿ ಬಿಡಿಸುತ್ತಾ ಕುಳಿತಿದ್ದರು. ಅವರ ಕಣ್ಣು ಇವಳ ಮೇಲೆ, ನನ್ನ ಮೇಲೆ. ನನ್ನ ಬಾಯಲ್ಲಿ ಮಾತು ತಾನಾಗಿ ಬಂತು.

"ಸಿದ್ದಮ್ಮ, ಹಿತ್ತಲ ಕಡೆಯಿಂದ ಬಂದುಬಿಡು, ಬಾಗಿಲು ತೆಗೆದಿದ್ದೀನಿ."

ಸಿದ್ದಮ್ಮ ನಿಂತಲ್ಲೇ ನಿಂತಳು. ನನ್ನನ್ನು ನೋಡಿದಳು. ಹೇಳಿದೆನಲ್ಲ, ಅವಳು ನೋಡಿದರೆ ಕಣ್ಣು ತಗ್ಗಿಸಬೇಕು.

"ಹಿತ್ಲಿಂದ ಬಂದು ಕದ್ದು ನೋಡಾಕೆ ನಾನೇನ್ ಬೆಕ್ಕಾ ಟೀಚರವ್ವ? ಅವ್ರು ನನ್ನ ಪಂಕ್ತೀಲಿ ಕೂರ್ಸಿ ಬರ್ದವ್ರೆ ಅಂದ್ರಿ. ಪಂಕ್ತಿಗೆ ಯಾರಾದ್ರೂ ಹಿತ್ಲಿಂದ ಬತ್ತರಾ? ನೀವ್ ಮುಂದ್ಲಿಂದ ಕರ್ದಾಗ ಬತ್ತೀನಿ ಬುಡಿ."

ಸೀರೆಯ ನೆರಿಗೆ ಹಿಡಿದುಕೊಂಡು ಹೊರಟೇಬಿಟ್ಟಳು. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಇವಳಿಗೋಸ್ಕರ ನಾನು ಮನೆಗೆ ಹೋಗದೆ ಉಳಿದೆ, ಎಲ್ಲ ಹೊಂಚಿದೆ, ಇವಳಿಗೆಷ್ಟು ಜಂಬ ಅಂದುಕೊಂಡೆ. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ನಿಜ. ಎರಡು ವಾರ ಹೊಲದ ದಾರಿ ಬಿಟ್ಟು ರಸ್ತೆಯ ಮೇಲಿಂದಲೇ ಶಾಲೆಗೆ ಹೋದೆ.

ಆಮೇಲೆ ನೆಪಗಳು ಶುರುವಾದವು. ಶ್ರಾವಣ ಬಂದಿದೆ, ಚಿಕ್ಕವ್ವ ವ್ರತ ಹಿಡಿದಿದ್ದಾಳೆ, ಈಗ ಬೇಡ. ಪರೀಕ್ಷೆ ಬಂದಿದೆ, ಆಗಲಿ. ಗೌರಿ ಹಬ್ಬ ಕಳೆಯಲಿ. ಮೈಸೂರಿನವರು ಎರಡು ಸಲ ಹೊರಡುತ್ತೇವೆ ಅಂದರು, ಎರಡು ಸಲವೂ ನಾನೇ ಮುಂದಕ್ಕೆ ಹಾಕಿದೆ. ದೊಡ್ಡಪ್ಪ ದಿನಾ ಸಂಜೆ ನಾನು ಬಂದ ಸದ್ದಿಗೆ ಪರದೆ ಸರಿಸಿ, "ಸಿದ್ದಿಗ್ ಹೇಳುದ್ಯಾ?" ಎಂದು ಕೇಳುವರು. "ನಾಳೆ" ಅನ್ನುತ್ತಿದ್ದೆ. ಒಂದು ದಿನ ಕೇಳಿದರು, "ನಾನ್ ಸತ್ಮೇಲೆ ತೋರ್ಸೀಯಾ?" ಸುಮ್ಮನಿರಿ ದೊಡ್ಡಪ್ಪ, ಅಪಶಕುನ ನುಡಿಯಬೇಡಿ ಎಂದು ನಾನೇ ಜೋರು ಮಾಡಿದೆ.

ಫೋನು ಕೈಯಲ್ಲಿತ್ತಲ್ಲ, ಒಂದು ಫೋಟೋ ಯಾಕೆ ಹಿಡಿಯಲಿಲ್ಲ ಎಂದು ಇವತ್ತೂ ಜನ ಕೇಳುತ್ತಾರೆ. ದೊಡ್ಡಪ್ಪ ಹಿಡಿಯಬೇಡ ಅಂದಿದ್ದರು, ಅವರ ಮಾತು ಮೀರಲಿಲ್ಲ. ಅವರು ಹೇಳಿದ್ದು ಎರಡು ಮಾತು. ಮಾಡಬೇಡ ಅಂದದ್ದನ್ನು ಚಾಚೂ ತಪ್ಪದೆ ಮಾಡದೆ ಬಿಟ್ಟೆ. ಮಾಡು ಅಂದದ್ದನ್ನೂ ಮಾಡದೆ ಬಿಟ್ಟೆ.

ಸೆಪ್ಟೆಂಬರಿನ ಎರಡನೇ ವಾರ ಒಂದು ಬೆಳಿಗ್ಗೆ ಮಾದೇಶನ ಹೆಂಡತಿ ಕಾಫಿ ತೆಗೆದುಕೊಂಡು ಹೋದವಳು ಲೋಟ ಕೈಬಿಟ್ಟು ಕಿರುಚಿದಳು. ದೊಡ್ಡಪ್ಪ ಮಲಗಿದ ಹಾಗೇ ಹೋಗಿದ್ದರು. ನಮ್ಮ ಪದ್ಧತಿಯಂತೆ ಕೂರಿಸಿ, ವಿಭೂತಿ ಹಚ್ಚಿ, ಹೊಲದ ಅಂಚಿನಲ್ಲಿ ಸಮಾಧಿ ಮಾಡಿದೆವು. ಮಳೆ ಹನಿಯುತ್ತಿತ್ತು. ಸಿದ್ದಮ್ಮ ದೂರದಲ್ಲಿ ಹೂವಿನ ಸಾಲಿನ ನಡುವೆ ನಿಂತಿದ್ದಳು. ಹತ್ತಿರ ಹೋಗಿ ಕೈಹಿಡಿದು ಹೇಳಿದೆ, "ಹನ್ನೊಂದನೇ ದಿನ ಬಾ ಸಿದ್ದಮ್ಮ. ಮುಂಬಾಗಿಲಿನಿಂದಲೇ ಕರೆದುಕೊಂಡು ಹೋಗ್ತೀನಿ, ಯಾರು ಏನಾದರೂ ಅನ್ನಲಿ." ಅವಳು ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ಮೈಸೂರಿನವರಿಗೂ ಅದೇ ದಿನ ಬನ್ನಿ ಎಂದು ಫೋನು ಮಾಡಿದೆ. ಆಮೇಲೆ ತರಬೇತಿ ಇದೆ ಎಂದು ನನ್ನನ್ನು ಜಿಲ್ಲಾ ಕೇಂದ್ರಕ್ಕೆ ಕರೆಸಿಕೊಂಡರು, ನಾನು ಚಾಮರಾಜನಗರಕ್ಕೆ ಬಂದೆ. ಬರುವ ಮುಂಚೆ ಮಾದೇಶನಿಗೆ ಹೇಳಿದೆ, "ಮನೆ ಚೆನ್ನಾಗಿಟ್ಟಿರಪ್ಪ, ದೊಡ್ಡಪ್ಪನ ಕೋಣೆ ನೋಡೋಕೆ ಮೈಸೂರಿಂದ ದೊಡ್ಡ ಜನ ಬರ್ತಾರೆ."

ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ನಮ್ಮಲ್ಲಿ ಹಾಲು ಕುಡಿಯುವ ಮಗುವೂ ಹೇಳುತ್ತದೆ. ಮೈಕು ಸಿಕ್ಕಿದರೆ ಗಂಟೆಗಟ್ಟಲೆ ಹೇಳುತ್ತೇವೆ. ಆದರೆ ಮನೆಯಲ್ಲಿ ಸಾವಾದರೆ ಹನ್ನೊಂದನೇ ದಿನದೊಳಗೆ ಮೂಲೆ ಮೂಲೆಗೂ ಸುಣ್ಣ ಬೀಳಲೇಬೇಕು. ಸೂತಕವಿಲ್ಲದ ಮೇಲೆ ಸುಣ್ಣ ಯಾತಕ್ಕೆ ಎಂದು ನನ್ನ ಐವತ್ತು ಚಿಲ್ಲರೆ ವರ್ಷದಲ್ಲಿ ನಾನೂ ಒಂದು ಸಲ ಕೇಳಿದವಳಲ್ಲ. ವಿಜ್ಞಾನದ ಟೀಚರು! ಅಮ್ಮ ಸತ್ತಾಗ ಬಳಿದದ್ದನ್ನು ಕಂಡಿದ್ದೆ, ಅಪ್ಪ ಸತ್ತಾಗ ನಾನೇ ನಿಂತು ಬಳಿಸಿದ್ದೆ. ಆದರೂ ಆ ಗೋಡೆಗೂ ಸುಣ್ಣದ ಕುಂಚಕ್ಕೂ ಸಂಬಂಧವಿದೆ ಎಂದು ನನ್ನ ಮಂಡೆಗೆ ಹೊಳೆಯಲಿಲ್ಲ.

ಹನ್ನೊಂದನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ಮನೆಯ ಮುಂದೆ ಶಾಮಿಯಾನ, ಅಡುಗೆಯ ಹೊಗೆ. ಒಳಗೆ ಕಾಲಿಟ್ಟದ್ದೇ ಹೊಸ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಓಡಿದೆ. ಕೋಣೆಗೆ ಪರದೆ ಇರಲಿಲ್ಲ, ಬಾಗಿಲು ಅಗಲವಾಗಿ ತೆರೆದಿತ್ತು. ಗೋಡೆ ನುಣ್ಣಗೆ, ಒಂದು ಗೀರೂ ಇಲ್ಲದೆ, ತಿಳಿ ಹಳದಿ ಬಣ್ಣದಲ್ಲಿ ಹೊಳೆಯುತ್ತಿತ್ತು. ಮುಂದೆ ಮೇಜಿಟ್ಟು ದೊಡ್ಡಪ್ಪನ ಫೋಟೋಕ್ಕೆ ಹಾರ ಹಾಕಿದ್ದರು.

ಏನೇನು ಬೈದೆನೋ ನೆನಪಿಲ್ಲ. ಸೊಂಟ ಬಿದ್ದುಹೋಗ ಅಂದದ್ದು ನೆನಪಿದೆ. ಮನೆಹಾಳ ಅಂದೆ. ಅಡುಗೆಯವರು ಸೌಟು ಹಿಡಿದು ಬಂದು ನಿಂತರು. ಮಾದೇಶ ಬೆಪ್ಪಾಗಿ ನನ್ನ ಮುಖ ನೋಡಿದ. ಅವನ ಕಣ್ಣಲ್ಲಿ ನೀರು ಬಂದಿತ್ತು.

"ಬೈಬ್ಯಾಡ ಕನಕ್ಕ. ನೀನೇ ಅಲ್ವಾ ಮನೆ ಚೆನ್ನಾಗಿಡಿ ಅಂದದ್ದು? ಇಡೀ ಮನೆಗೆ ಸುಣ್ಣ ಬಳ್ದು, ದೊಡ್ಡಪ್ಪ ಇದ್ದ ಕೋಣೆ ಒಂದ್ನೇ ಬುಟ್ರೆ ಅವ್ರ್ಗೆ ಅವಮಾನ ಮಾಡ್ದಂಗಲ್ವಾ? ಅದ್ಕೇ ಮಿಕ್ಕಿದ್ಕೆಲ್ಲ ಸುಣ್ಣ ಬಳ್ಸಿ, ಈ ಕೋಣೆಗೆ ಗುಂಡ್ಲುಪೇಟೆಯಿಂದ ಒಳ್ಳೆ ಪೇಂಟೇ ತರ್ಸ್ದೆ. ಇದ್ಲ ಮ್ಯಾಲೆ ಬಣ್ಣ ಕೂರಲ್ಲ ಅಂದ್ರು, ನಾನೇ ಕೈಯಾರೆ ನೀರಾಕಿ ಎರಡು ದಿನ ಉಜ್ಜಿವ್ನಿ."

ಕೈಯಾರೆ ಉಜ್ಜಿದ್ದನಂತೆ. ಪ್ರೀತಿಯಿಂದ. ಅಂಗೈ ಚರ್ಮ ಸುಲಿದಿತ್ತು, ತೋರಿಸಿದ. ಅವನನ್ನು ಹೊಡೆಯಲು ಎತ್ತಿದ ಕೈ ಹಾಗೇ ನಿಂತಿತು. ಚಿಕ್ಕವ್ವನ ಕಡೆ ತಿರುಗಿದೆ. ಅವಳು ಸೆರಗು ಸರಿಮಾಡಿಕೊಂಡು, "ಸ್ವಾಮಿಗೋಳು ಪೂಜೆಗ್ ಬರೋ ಕೋಣೆ ಕನಮ್ಮಿ, ಹೆಂಗದೋ ಹಂಗೇ ಬುಡಾಕಾದದಾ?" ಅಂದಳು. ಅವಳ ಮುಖದಲ್ಲಿ ಇಪ್ಪತ್ತು ವರ್ಷದ ಮೇಲೆ ಒಂದು ನೆಮ್ಮದಿ ಕಾಣುತ್ತಿತ್ತು. ಇಲ್ಲ, ಇದು ನನ್ನ ಸಿಟ್ಟಿನ ಕಣ್ಣಿಗೆ ಕಂಡದ್ದಿರಬಹುದು. ಇದ್ದರೂ ಇರಲಿ, ನಾನು ಈ ಮಾತು ವಾಪಸ್ಸು ತೆಗೆದುಕೊಳ್ಳುವುದಿಲ್ಲ.

ಮೈಸೂರಿನವರಿಗೆ ಫೋನು ಮಾಡಿ ಇನ್ನು ಬರಬೇಡಿ ಅಂದೆ. ಅಯ್ಯೋ ಅಂದರು. ಒಂದು ಫೋಟೋವೂ ಇಲ್ಲವಾ ಎಂದು ಕೇಳಿದರು. ಇಲ್ಲ ಅಂದೆ.

ಮಧ್ಯಾಹ್ನ ಪೂಜೆ ಮುಗಿದು ಮೊದಲ ಪಂಕ್ತಿ ಏಳುವ ಹೊತ್ತಿಗೆ ಸಿದ್ದಮ್ಮ ಬಂದಳು. ಅದೇ ನೀಲಿ ಸೀರೆ. ಜಗಲಿಯ ಕೆಳಗೆ, ಒಗೆಯುವ ಕಲ್ಲಿನ ಪಕ್ಕ ನಿಂತು ನನ್ನನ್ನು ನೋಡಿದಳು. ಕರೆದ ಮಾತಿಗೆ ಬಂದಿದ್ದಳು. ಮನೆಯಲ್ಲಿ ಏನಾಗಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ನಾನು ಇಳಿದುಹೋಗಿ ಅವಳ ಕೈ ಹಿಡಿದುಕೊಂಡೆ. ಸ್ವಾಮಿಗಳು ಒಳಗೆ ಗದ್ದುಗೆಯ ಮೇಲೆ ಕುಳಿತಿದ್ದರು, ನಡುಮನೆಯ ತುಂಬ ನೆಂಟರು. ಎಲ್ಲರ ಕಣ್ಣೆದುರು ಅವಳನ್ನು ಮೆಟ್ಟಿಲು ಹತ್ತಿಸಿ, ಹೊಸಿಲು ದಾಟಿಸಿ, ನಡುಮನೆಯಲ್ಲಿ ನಡೆಸಿಕೊಂಡು ಹೋದೆ. ಯಾರೂ ಒಂದು ಮಾತು ಆಡಲಿಲ್ಲ. ಚಿಕ್ಕವ್ವ ಬಾಯಿ ತೆರೆದಳು, ಸ್ವಾಮಿಗಳ ಕಡೆ ನೋಡಿ ಮುಚ್ಚಿದಳು. ಅಷ್ಟೇ ಆಗಿತ್ತು ಅದು! ಇಷ್ಟು ಹಗುರದ ಕೆಲಸಕ್ಕೆ ನಾನು ತಿಂಗಳುಗಟ್ಟಲೆ ಹೆದರಿದ್ದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಅನ್ನುತ್ತಾರೆ. ನಾನು ಕೊಳ್ಳೆ ಹೋದ ಮೇಲೆ ಬಾಗಿಲು ತೆಗೆದವಳು.

ಕೋಣೆಯೊಳಗೆ ಸಿದ್ದಮ್ಮ ಮೊದಲು ದೊಡ್ಡಪ್ಪನ ಫೋಟೋಕ್ಕೆ ಕೈಮುಗಿದಳು. ಆಮೇಲೆ ಗೋಡೆ ನೋಡಿದಳು. ಉಳಿದ ಮೂರು ಗೋಡೆಗಳನ್ನೂ ಒಂದೊಂದಾಗಿ ನೋಡಿ ಮತ್ತೆ ಹಳದಿ ಗೋಡೆಗೆ ಬಂದಳು.

"ಎಲ್ಲದೆ?"

"ಇಲ್ಲೇ ಇತ್ತು ಸಿದ್ದಮ್ಮ. ಸಾವಿನ ಮನೆ ಅಂತ ಬಣ್ಣ ಹೊಡೆದುಬಿಟ್ಟಿದ್ದಾರೆ."

ಅವಳು ಹತ್ತಿರ ಹೋಗಿ ಗೋಡೆ ಮುಟ್ಟಿದಳು. ಬಣ್ಣ ಇನ್ನೂ ಪೂರ್ತಿ ಆರಿರಲಿಲ್ಲ, ಬೆರಳಿಗೆ ಅಂಟಿತು.

"ನಾನ್ ಎಲ್ ಕೂತಿದ್ದೆ?"

ತೋರಿಸಿದೆ.

"ಪಕ್ಕದಲ್ಲಿ ಯಾರು?"

"ಅಜ್ಜ. ತಮ್ಮ ಎಲೆಯಿಂದ ನಿನಗೆ ಹೋಳಿಗೆ ಕೊಡ್ತಿದ್ದರು. ನೀನು ನಗ್ತಿದ್ದೆ."

"ದೊಡ್ಡೆಜಮಾನ್ರು? ನಂಗೆ?" ಎಂದು ಒಂದು ಸಲ ನನ್ನ ಮುಖ ನೋಡಿದಳು, ಸುಳ್ಳು ಹೇಳುತ್ತಿದ್ದೇನೋ ಏನೋ ಎಂದು. ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಮಾದೇಶನನ್ನು ಬೈಯುತ್ತಾಳೆ, ಚಿಕ್ಕವ್ವನಿಗೆ ಶಾಪ ಹಾಕುತ್ತಾಳೆ, ನಾನೂ ಜೊತೆಗೆ ಸೇರಿ ಬೈಯಬಹುದು ಎಂದು ಕಾಯುತ್ತಿದ್ದೆ. ಅವರ ಮೇಲೆ ಹೇಳಲು ನನ್ನ ಬಾಯಲ್ಲಿ ಬೇಕಾದಷ್ಟು ಸಿದ್ಧವಿತ್ತು.

"ಮುಂಗಾರಿಂದ ನೀ ಇಲ್ಲೇ ಇದ್ಯಲ್ಲವ್ವ" ಅಂದಳು. "ದಿನಾ ನೋಡ್ತಿದ್ಯಲ್ಲ ಅದ. ಏನ್ ಮಾಡ್ತಿದ್ದೆ ನಾಕ್ ತಿಂಗ್ಳು?"

ಉತ್ತರಕ್ಕೆಂದು ಅವಳು ನಿಂತಳು. ಆಮೇಲೆ ನಡುಮನೆ ದಾಟಿ, ಊಟ ಮಾಡದೆ, ಮುಂಬಾಗಿಲಿನಿಂದಲೇ ಇಳಿದು ಹೋದಳು.